ಸುತ್ತಿಗೆ ಹೋಗದ ಮೂಲೆಗೆ ರಿವೆಟ್

ಪ್ರಶ್ನೆ: ಉಕ್ಕಿನ ಕೈಗವಚ ಒಂದನ್ನು ರಿಪೇರಿ ಮಾಡುತ್ತಿದ್ದೇನೆ. ಮಣಿಕಟ್ಟಿನ ಹತ್ತಿರ ಒಂದು ರಿವೆಟ್ (ತಗಡುಗಳನ್ನು ಸೇರಿಸುವ ಮೊಳೆ) ಕಿತ್ತುಹೋಗಿದೆ. ಅಲ್ಲಿಗೆ ಎರಡು ಬೆರಳು ತೂರುವುದೇ ಕಷ್ಟ, ಇನ್ನು ಸುತ್ತಿಗೆ ಬೀಸುವುದೆಲ್ಲಿ? ಎಲ್ಲಾ ತಗಡುಗಳನ್ನೂ ಬಿಚ್ಚಬೇಕಾ?

ಉತ್ತರ: ತಡೀರಿ, ಬಿಚ್ಚಬೇಡಿ. ಸುತ್ತಿಗೆಯನ್ನು ಒಳಗೆ ಕಳಿಸುವುದು ಹೇಗೆ ಎಂದು ನೀವು ಯೋಚಿಸುತ್ತಿದ್ದೀರಿ. ಮೊದಮೊದಲು ನನ್ನದೂ ಅದೇ ಕಥೆ. ಉದ್ದನೆಯ ಪಂಚ್ (ಪೆಟ್ಟು ದಾಟಿಸುವ ಉಕ್ಕಿನ ಕಡ್ಡಿ) ಒಂದನ್ನು ಓರೆಯಾಗಿ ತೂರಿಸಿ ಒಳಗಿನಿಂದಲೇ ಬಡಿಯುತ್ತಿದ್ದೆ. ಒಮ್ಮೆ ಪಂಚ್ ಜಾರಿತು. ಕನ್ನಡಿ ಹಾಗೆ ಉಜ್ಜಿಟ್ಟಿದ್ದ ತಗಡಿನ ಹೊರಮೈಯಲ್ಲಿ ಒಂದು ಗುಬುಟು ಎದ್ದಿತು. ಅದನ್ನು ಕೂರಿಸಲು ರಿವೆಟ್ ಕೆಲಸಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ರಿವೆಟ್‌ಗೆ ಒಂದು ತಲೆ, ಒಂದು ಬಾಲ. ಪೆಟ್ಟು ತಿನ್ನುವುದು ಬಾಲ. ತಲೆಗೆ ಬೇಕಾದದ್ದು ಗಟ್ಟಿ ಆಸರೆ ಅಷ್ಟೇ. ಹಾಗಾಗಿ ತಲೆ ಒಳಗಿರಲಿ, ಬಾಲ ಹೊರಗೆ ಬರಲಿ. ಒಳಗೆ ಆಸರೆ ಹೋದರೆ ಸಾಕು. ಕೈಗವಚದೊಳಗೆ ಹಿಡಿಸುವಷ್ಟು ದಪ್ಪದ, ಸುಮಾರು 20 ಮಿಲಿಮೀಟರ್‌ನ ಉಕ್ಕಿನ ಸರಳು ತೆಗೆದುಕೊಳ್ಳಿ. ಅದರ ತುದಿಯಲ್ಲಿ ರಿವೆಟ್ ತಲೆ ಕೂರುವಂತೆ ಸಣ್ಣ ಕುಳಿ ಮಾಡಿ. ಸರಳನ್ನು ವೈಸ್‌ನಲ್ಲಿ ನೆಟ್ಟಗೆ ಕಚ್ಚಿಸಿ.

ಈಗ ರಿವೆಟನ್ನು ತೂತಿಗೆ ಸೇರಿಸುವುದು ಹೇಗೆ? ಬೆರಳು ಹೋಗುವುದಿಲ್ಲ, ಚಿಮುಟದಿಂದ ಹಿಡಿದರೆ ಜಾರಿ ಒಳಗೆಲ್ಲೋ ಬಿದ್ದು ಗಲಗಲ ಅನ್ನುತ್ತದೆ. ಆ ಸದ್ದು ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಕುಳಿಗೆ ಒಂದು ಚೂರು ಮೇಣ ಒತ್ತಿ. ರಿವೆಟ್ ತಲೆಯನ್ನು ಅದರಲ್ಲಿ ಕೂರಿಸಿ. ಬಾಲ ಮೇಲಕ್ಕೆ ನಿಂತಿರುತ್ತದೆ. ಇನ್ನು ಕವಚವನ್ನೇ ಸರಳಿನ ಮೇಲೆ ಮೆಲ್ಲಗೆ ಇಳಿಸಿ, ತೂತಿನಿಂದ ಬಾಲ ಇಣುಕುವ ತನಕ ಆಚೀಚೆ ಆಡಿಸಿ. ನೇರವಾಗಿ ಇಳಿಸಲು ಆಗದ ತಿರುವಿದ್ದರೆ ಹೊರಗಿನಿಂದ ತೂತಿನೊಳಗೆ ದಾರ ಬಿಡಿ. ಅದರ ತುದಿಯನ್ನು ಬಾಲದ ತುದಿಗೆ ಅಂಟಿಸಿ ಎಳೆದುಕೊಳ್ಳಿ.

ಬಾಲ ಎಷ್ಟು ಉದ್ದ ಉಳಿಯಬೇಕು? 4 ಮಿಲಿಮೀಟರ್ ದಪ್ಪದ ರಿವೆಟ್ ಆದರೆ ತಗಡಿನ ಮೇಲೆ ಸುಮಾರು 4 ಮಿಲಿಮೀಟರ್. ತುಂಬಿದ ದುಂಡು ತಲೆಯೇ ಬೇಕಾದರೆ ಅದರ ಒಂದೂವರೆಪಟ್ಟು. ಉದ್ದ ಜಾಸ್ತಿಯಾದರೆ ಬಾಲ ಅರಳುವ ಬದಲು ಪಕ್ಕಕ್ಕೆ ಮಲಗಿಬಿಡುತ್ತದೆ. ಬಡಿಯುವ ಮೊದಲು ಸಣ್ಣ ಕೊಳವೆ ತುಂಡೊಂದನ್ನು ಬಾಲದ ಮೇಲೆ ತೊಡಿಸಿ ಒಂದೆರಡು ಪೆಟ್ಟು ಕೊಡಿ. ಎರಡೂ ತಗಡು ಒಂದಕ್ಕೊಂದು ಅಂಟಿ ಕೂರುತ್ತವೆ. ಇದನ್ನು ಬಿಟ್ಟರೆ ರಿವೆಟ್ ಎರಡು ತಗಡಿನ ಸಂದಿಯಲ್ಲೇ ಊದಿಕೊಳ್ಳುತ್ತದೆ. ಆಮೇಲೆ ಕೊರೆದು ತೆಗೆಯದೆ ಬೇರೆ ದಾರಿ ಇಲ್ಲ.

ಸುತ್ತಿಗೆ 150 ಗ್ರಾಂ ಆಸುಪಾಸಿನದು ಸಾಕು. ಮೊದಲು ಚಪ್ಪಟೆ ಮುಖದಿಂದ ನೇರವಾಗಿ ನಾಲ್ಕೈದು ಪೆಟ್ಟು. ಆಮೇಲೆ ದುಂಡು ಮುಖದಿಂದ ಅಂಚಿನ ಸುತ್ತ ಸಣ್ಣ ಸಣ್ಣ ಪೆಟ್ಟು. ತಲೆ ಆಸರೆಯ ಮೇಲೆ ಕೂತಿದ್ದರೆ ಸದ್ದು ಗಟ್ಟಿಯಾಗಿ ಬರುತ್ತದೆ. ತಗಡು ಝಲ್ ಅಂದರೆ ನಿಲ್ಲಿಸಿ. ಸರಳು ಸರಿದಿದೆ. ಹಿತ್ತಾಳೆ ರಿವೆಟ್ ಬಡಿದಂತೆಲ್ಲ ಗಡುಸಾಗಿ ಅಂಚಿನಲ್ಲಿ ಸೀಳುತ್ತದೆ. ಅದನ್ನು ಮೊದಲೇ ಮಂದ ಕೆಂಪಾಗುವಷ್ಟು ಕಾಯಿಸಿ ಆರಿಸಿಟ್ಟುಕೊಳ್ಳಿ. ಒಳಗೆ ಚರ್ಮದ ಪಟ್ಟಿ ಇದ್ದರೆ ತಲೆಗೂ ಚರ್ಮಕ್ಕೂ ನಡುವೆ ವಾಷರ್ ಹಾಕಿ. ಇಲ್ಲವಾದರೆ ತಲೆ ಚರ್ಮವನ್ನು ಹರಿದುಕೊಂಡು ಬರುತ್ತದೆ.

ಪ್ರಶ್ನೆ: ರಿವೆಟ್ ಹಾಕಿದ ಮೇಲೆ ಬೆರಳಿನ ತಗಡುಗಳು ಬಿಗಿದುಕೊಂಡಿವೆ, ಮಡಚುತ್ತಿಲ್ಲ.

ಉತ್ತರ: ಆಡಬೇಕಾದ ತಗಡುಗಳಾದರೆ ಬಡಿಯುವಾಗ ಸಂದಿಯಲ್ಲಿ ಒಂದು ರಟ್ಟಿನ ಚೂರು ಇಟ್ಟುಕೊಳ್ಳಬೇಕಿತ್ತು. ಕೆಲಸ ಮುಗಿದ ಮೇಲೆ ಅದನ್ನು ಎಳೆದು ತೆಗೆದರೆ ಆಡಲು ಬೇಕಾದಷ್ಟು ಸಡಿಲ ಉಳಿಯುತ್ತದೆ. ಈಗ ಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸಿ ನೋಡಿ. ಆಗಲೂ ಬಾರದಿದ್ದರೆ ರಿವೆಟ್ ತೆಗೆಯಿರಿ. ಉಳಿಯಿಂದ ಕಡಿಯಬೇಡಿ, ತೂತು ಅಗಲವಾಗುತ್ತದೆ. ಬಾಲವನ್ನು ಅರದಿಂದ ಉಜ್ಜಿ, ನಡುವೆ ಸ್ವಲ್ಪ ಕೊರೆದು, ಪಂಚ್‌ನಿಂದ ತಳ್ಳಿ. ಕಣ್ಣಿಗೆ ಕನ್ನಡಕ ಇರಲಿ. ತಗಡು ಸರಿದಾಡಬೇಕಾದ ಕಡೆ ಹಾಕುವ ಜಾರುವ ರಿವೆಟ್‌ಗೆ ಒಂದು ತಗಡಿನಲ್ಲಿ ದುಂಡು ತೂತು, ಇನ್ನೊಂದರಲ್ಲಿ ಉದ್ದನೆಯ ಸೀಳು ಇರುತ್ತದೆ. ಇದು ಹಳೆಯ ಉಪಾಯ. 1512ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿ ಫ್ಲಾರೆನ್ಸ್‌ನ ವ್ಯಾಪಾರಿಯಿಂದ ಕೊಂಡ 2000 ಹಗುರ ಕವಚಗಳ ಹೆಸರೇ ಆಲ್ಮೇನ್ ರಿವೆಟ್, ಅಂದರೆ ಜರ್ಮನ್ ರಿವೆಟ್!

ಪ್ರಶ್ನೆ: ಸುಮ್ನೆ ಪಾಪ್ ರಿವೆಟ್ ಹಾಕಿದರೆ ಆಗಲ್ವಾ? ಒಂದೇ ಕಡೆಯಿಂದ ಮುಗಿಯುತ್ತದೆ.

ಉತ್ತರ: ಗೋಡೆಗೆ ನೇತುಹಾಕುವ ಕವಚಕ್ಕೆ ಹಾಕಿ, ನಾನು ಬೇಡ ಅನ್ನುವುದಿಲ್ಲ. ತೊಟ್ಟುಕೊಂಡು ಪೆಟ್ಟು ತಿನ್ನುವ ಕವಚಕ್ಕೆ ಬೇಡ. ಪಾಪ್ ರಿವೆಟ್‌ನ ಒಳಗು ಟೊಳ್ಳು, ಆಡುವ ಕೀಲಿನಲ್ಲಿ ಬೇಗ ಸಡಿಲವಾಗುತ್ತದೆ. ಒಳಗೆ ಉಳಿಯುವ ಒರಟು ತುದಿ ಕೈಯನ್ನೂ ಗೀರುತ್ತದೆ. ನಾನು ಅದನ್ನು ಅಳತೆ ನೋಡುವಾಗ ಬಿಡಿ ತಗಡುಗಳನ್ನು ತಾತ್ಕಾಲಿಕವಾಗಿ ಜೋಡಿಸಲು ಬಳಸುತ್ತೇನೆ, ಆಮೇಲೆ ಕೊರೆದು ತೆಗೆಯುತ್ತೇನೆ.