ದ್ವೀಪದ ಬಾವಿ ಉಪ್ಪಾಗಿದ್ದು ಪಂಪಿಂದಲೇ ಇರ್ಬೇಕು

ಬಹುಶಃ ಹೊಸ ಪಂಪೇ ಕಾರಣ. ಸಿಟಿ ಗದ್ದಲ ಬೇಡ ಅಂತ ಸಣ್ಣ ದ್ವೀಪಕ್ಕೆ ಬಂದ್ವಿ, ಪಂಪ್ ಹಾಕಿಸಿದ ಮೇಲೆ ಬಾವಿ ನೀರು ಉಪ್ಪಾಯ್ತು, ವಾಪಸ್ ಹೋಗೋದಾ ಅಂತ ಕೇಳಿದೀರಲ್ಲ, ಅಷ್ಟು ಬೇಗ ಗಂಟುಮೂಟೆ ಕಟ್ಬೇಡಿ. ಇಂಥ ಕಡೆ ಇಂಗಿದ ಮಳೆನೀರು ಮಣ್ಣೊಳಗೆ ಉಪ್ಪುನೀರಿನ ಮೇಲೆ ತೇಲ್ತಾ ಇರುತ್ತೆ, ಆ ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲಿದ್ರೆ ಕೆಳಗೆ ಸುಮಾರು 40 ಮೀಟರ್ ಸಿಹಿ ಅಂತ ಲೆಕ್ಕ, ಅಂದ್ರೆ ಪಂಪ್ ಎಳೆದು ಮೇಲೆ ಒಂದು ಗೇಣು ಇಳಿದ್ರೂ ಕೆಳಗಿಂದ ಉಪ್ಪು ಎಷ್ಟು ಏರುತ್ತೆ ನೀವೇ ನೋಡಿ.

ಮೊದಲು ಪಂಪ್ ಪೂರ್ತಿ ನಿಲ್ಸಿ, ಕುಡಿಯೋಕೆ ಬೇರೆ ನೀರು ನೋಡ್ಕೊಳ್ಳಿ. ದಿನಾ ಒಂದೇ ಹೊತ್ತಿಗೆ ಟಿಡಿಎಸ್ ಮೀಟರಲ್ಲಿ (ನೀರಲ್ಲಿ ಎಷ್ಟು ಲವಣ ಕರಗಿದೆ ಅಂತ ತೋರಿಸೋ ಸಾಧನ) ಅಳೆದು ಬರೆದಿಡಿ. ಇಳೀತಾ ಬಂದ್ರೆ ಪಂಪನ್ನ ನೀರಿನ ಮೇಲ್ಭಾಗಕ್ಕೆ ಎತ್ತಿ ಸ್ವಲ್ಪ ಸ್ವಲ್ಪವೇ ಎಳೀರಿ, ನಾನಂತೂ ಈಗ ಹಗ್ಗ ಕೊಡದಲ್ಲೇ ಸೇದೋದು, ರಟ್ಟೆ ನೋವಾದ್ರೂ ಪರವಾಗಿಲ್ಲ ಈ ಸದ್ದಿಲ್ಲದ ಜಾಗ ಬಿಟ್ಟು ಮತ್ತೆ ಟ್ರಾಫಿಕ್‌ಗೆ ಬೀಳಲ್ಲ. ಬಾವಿ ಮಾತ್ರ ಇನ್ನೂ ಆಳ ಮಾಡಿಸ್ಬೇಡಿ, ನಾನು ಮಾಡಿದ ಎಡವಟ್ಟೇ ಅದು, ಇನ್ನೂ ಉಪ್ಪಾಯ್ತು. ಸಮುದ್ರದ ಅಲೆ ಬಾವಿವರೆಗೂ ನುಗ್ಗಿತ್ತು ಅಂದ್ರೆ ಕಥೆ ಬೇರೆ, ಆಗ ಎಷ್ಟು ದಿನ ಹಿಡಿಯುತ್ತೆ ಅಂತ ಇಲ್ಲಿಂದ ಹೇಳಕ್ಕಾಗಲ್ಲ. ಮಳೆ ಶುರುವಾಗೋ ಮುಂಚೆ ಸೂರಿನ ನೀರು ಟ್ಯಾಂಕಿಗೆ ಬೀಳೋ ಹಾಗೆ ಪೈಪ್ ಹಾಕಿಸಿ.