ಮೂಗಿನ ಪಕ್ಕದ ಸಂದು: ಮಾಸ್ಕ್ ಬಗ್ಗೆ ಓದುಗರ ಪ್ರಶ್ನೆಗಳು

ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ಮಾಸ್ಕ್ ಹಾಕುವ ಬಗ್ಗೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ. ‘ಯಾವ ಮಾಸ್ಕ್ ಒಳ್ಳೆಯದು?’ ಎಂದು ಕೇಳಿದವರೇ ಹೆಚ್ಚು. ‘ನನ್ನ ಮುಖಕ್ಕೆ ಅದು ಸರಿಯಾಗಿ ಕೂರುತ್ತಾ?’ ಎಂದು ಕೇಳಿದವರು ಒಬ್ಬರೂ ಇಲ್ಲ.

ಪ್ರಶ್ನೆ: ಮಾಸ್ಕ್ ಹಾಕಿದ ಎರಡೇ ನಿಮಿಷಕ್ಕೆ ಕನ್ನಡಕದ ಮೇಲೆ ಮಂಜು ಕವಿಯುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಕಾಲ ಕೆಳಗಿನ ಮೆಟ್ಟಿಲೂ ಕಾಣುವುದಿಲ್ಲ. ಹಾಗಾಗಿ ಮೂಗಿನಿಂದ ಕೆಳಗೆ ಇಳಿಸಿಕೊಂಡು ಓಡಾಡುತ್ತೇನೆ. ತಪ್ಪೇ?
– ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು

ಉತ್ತರ: ತಪ್ಪೇ ಮೇಡಂ. ಆದರೆ ಕನ್ನಡಕ ನಿಮಗೆ ಚಾಡಿ ಹೇಳುತ್ತಿದೆ, ಕೇಳಿಸಿಕೊಳ್ಳಿ. ಮಂಜು ಕವಿಯಿತು ಅಂದರೆ ಉಸಿರು ಬಟ್ಟೆಯೊಳಗಿಂದ ಸೋಸಿ ಹೋಗದೆ ಮೂಗಿನ ಎರಡು ಪಕ್ಕದ ಸಂದಿನಿಂದ ಮೇಲಕ್ಕೆ ನುಗ್ಗುತ್ತಿದೆ. ಹೋಗುವ ದಾರಿಯಲ್ಲೇ ಹೊರಗಿನ ಗಾಳಿಯೂ ಒಳಗೆ ಬರುತ್ತದೆ.

ಬಹಳ ಜನ ಮೂಗಿನ ತಂತಿಯನ್ನು ಒಂದೇ ಕೈಯ ಹೆಬ್ಬೆರಳು, ತೋರುಬೆರಳಲ್ಲಿ ಚಿವುಟುತ್ತಾರೆ. ಆಗ ತಂತಿ ಗುಡಿಸಲಿನ ಸೂರಿನ ಹಾಗೆ ಚೂಪಾಗಿ ಮಡಚಿಕೊಂಡು ಎರಡೂ ಬದಿಯಲ್ಲಿ ಸಂದು ಬಿಡುತ್ತದೆ. ಬದಲಿಗೆ ಎರಡೂ ಕೈಯ ತೋರುಬೆರಳನ್ನು ತಂತಿಯ ನಡುವೆ ಇಟ್ಟು, ಒತ್ತುತ್ತಾ ಒತ್ತುತ್ತಾ ಕೆನ್ನೆಯ ಕಡೆಗೆ ಜಾರಿಸಿ. ಆಮೇಲೆ ಕನ್ನಡಕವನ್ನು ಮಾಸ್ಕಿನ ಅಂಚಿನ ಮೇಲೆ ಕೂರಿಸಿ. ಅದರ ಭಾರವೂ ಅಂಚನ್ನು ಒತ್ತಿ ಹಿಡಿಯುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ಔಷಧಿ ಅಂಗಡಿಯ ಮೈಕ್ರೋಪೋರ್ ಟೇಪನ್ನು ಮೂಗಿನ ಮೇಲೆ ಅಡ್ಡಡ್ಡ ಅಂಟಿಸಿಕೊಳ್ಳಿ. ಗಾಜನ್ನು ಸೋಪಿನ ನೀರಲ್ಲಿ ಅದ್ದಿ, ಒರೆಸದೆ ಒಣಗಿಸಿದರೆ ಮಂಜು ಕಡಿಮೆಯಾಗುತ್ತದೆ, ನಿಜ. ಆದರೆ ಅದರಿಂದ ಚಾಡಿ ನಿಲ್ಲುತ್ತದೆಯೇ ಹೊರತು ಸಂದು ಮುಚ್ಚುವುದಿಲ್ಲ.

ನೀಲಿ ಸರ್ಜಿಕಲ್ ಮಾಸ್ಕಾದರೆ ಕೆನ್ನೆಯ ಬಳಿಯೂ ಬಾಯಿ ಬಿಡುತ್ತದೆ. ಕಿವಿಯ ಎಲಾಸ್ಟಿಕ್ ಮಾಸ್ಕಿಗೆ ಸೇರುವ ಜಾಗದಲ್ಲೇ ಒಂದು ಗಂಟು ಹಾಕಿ, ಉಬ್ಬಿದ ಪಕ್ಕದ ನೆರಿಗೆಯನ್ನು ಒಳಕ್ಕೆ ಮಡಚಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಮ್ಮಿನಂತೆ ಚಿಮ್ಮಿಸಿದ ಕಣಗಳಲ್ಲಿ ಬರೀ ಸರ್ಜಿಕಲ್ ಮಾಸ್ಕ್ ತಡೆದದ್ದು ಸುಮಾರು 56%. ಅದೇ ಮಾಸ್ಕಿಗೆ ಗಂಟು ಹಾಕಿ ಮಡಚಿದಾಗ 77%. ಗಂಟು ಹಾಕದೆ ಮೇಲೊಂದು ಬಟ್ಟೆ ಮಾಸ್ಕ್ ಕಟ್ಟಿದಾಗ 85%. ಗಂಟಿಗೆ ಕಾಸು ಖರ್ಚಿಲ್ಲ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಮಾಸ್ಕ್ ಹೊಲಿದು ಕೊಡಬೇಕೆಂದಿದ್ದೇವೆ. ಯಾವ ಬಟ್ಟೆ, ಯಾವ ಅಳತೆ? ಬ್ಲೌಸ್ ಹೊಲಿದು ಉಳಿದ ಮೈಸೂರು ಸಿಲ್ಕ್ ತುಂಡುಗಳೂ ಇವೆ.
– ಟೈಲರ್, ಮಂಡ್ಯ

ಉತ್ತರ: ಮೊದಲು ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ. ಆಚೆ ಕಡೆಯ ಬೆರಳು ಒಂದೊಂದಾಗಿ ಕಂಡರೆ ಆ ಬಟ್ಟೆ ಬೇಡ. ಮೂರು ಪದರ ಇರಲಿ: ಬಾಯಿಯ ಕಡೆ ಒತ್ತು ನೇಯ್ಗೆಯ ಕಾಟನ್, ನಡುವೆ ನಾನ್‌ವೋವನ್ ಪಾಲಿಪ್ರೊಪಿಲೀನ್ (ನೇಯದೆ ಒತ್ತಿ ಮಾಡಿದ ಪ್ಲಾಸ್ಟಿಕ್ ಎಳೆಯ ಬಟ್ಟೆ), ಹೊರಗೆ ನೀರು ಬೇಗ ಹೀರದ ಪಾಲಿಯೆಸ್ಟರ್ ಬೆರೆತ ಬಟ್ಟೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಹೇಳಿದ ಕ್ರಮವೂ ಇದೇ. ಕಾಟನ್ನನ್ನು ಕತ್ತರಿಸುವ ಮುಂಚೆಯೇ ಬಿಸಿನೀರಿನಲ್ಲಿ ಒಗೆದು ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಪದರ ಕುಗ್ಗಿ, ಮಾಸ್ಕ್ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ದೊಡ್ಡವರಿಗೆ 10 ಇಂಚು ಅಗಲ, ಏಳೂವರೆ ಇಂಚು ಎತ್ತರ ಕತ್ತರಿಸಿ. ಮೇಲೂ ಕೆಳಗೂ ಕಾಲು ಇಂಚು ಹೊಲಿಗೆಗೆ ಹೋದರೆ 7 ಇಂಚು ಉಳಿಯಿತು. ಅದರಲ್ಲಿ ಅರ್ಧರ್ಧ ಇಂಚಿನ ಮೂರು ನೆರಿಗೆ ಹಿಡಿಯಿರಿ. ಒಂದೊಂದು ನೆರಿಗೆಗೂ ಒಂದಿಂಚು ಬಟ್ಟೆ ಹಿಡಿಯುವುದರಿಂದ ಪಕ್ಕದ ಎತ್ತರ 4 ಇಂಚಿಗೆ ಬರುತ್ತದೆ. ಹೊರಗಡೆ ನೆರಿಗೆಯ ಬಾಯಿ ಕೆಳಮುಖವಾಗಿರಲಿ. ಮೇಲ್ಮುಖವಾದರೆ ಧೂಳು ಕೂರುವ ಜೇಬಾಗುತ್ತದೆ. ಬಾಯಿಯ ಎದುರಿಗೆ ನಡುಹೊಲಿಗೆ ಬರುವ ಮಾದರಿ ಬೇಡ, ಸೂಜಿ ಚುಚ್ಚಿದಲ್ಲೆಲ್ಲ ತೂತು. ಮೇಲಂಚಿನ ಒಳಗೆ 4 ಇಂಚಿನ ಅಲ್ಯೂಮಿನಿಯಂ ಪಟ್ಟಿ ಸೇರಿಸಿ, ಅದರ ಎರಡು ತುದಿಯನ್ನೂ ಮಡಚಿ. ಮಡಚದಿದ್ದರೆ ವಾರದಲ್ಲಿ ಬಟ್ಟೆ ತೂರಿ ಕೆನ್ನೆಗೆ ಚುಚ್ಚುತ್ತದೆ. ಬರೀ ಕಬ್ಬಿಣದ ತಂತಿ ತುಕ್ಕು ಹಿಡಿಯುತ್ತದೆ.

ಎಲಾಸ್ಟಿಕ್ ಕಿವಿಗೆ ಆರಾರು ಇಂಚು ಸಾಕು, ಆದರೆ ಬಿಸಿನೀರಿಗೆ ಬೇಗ ಸಡಿಲಾಗುತ್ತದೆ. ನಮ್ಮನ್ನು ಕೇಳಿದರೆ ನಾಲ್ಕು ಮೂಲೆಗೂ ಲಾಡಿ ಹೊಲಿಯಿರಿ. ಯಾರ ತಲೆಗಾದರೂ ಬಿಗಿಯಾಗಿ ಕಟ್ಟಬಹುದು, ಕಿವಿಯೂ ನೋಯುವುದಿಲ್ಲ. ದಿನಕ್ಕೊಮ್ಮೆ ಸೋಪು ಹಾಕಿ 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆಯಬೇಕೆಂದು ಕೊಳ್ಳುವವರಿಗೆ ಹೇಳಿ. ಇಸ್ತ್ರಿ ಮಾತ್ರ ಬೇಡ. ಕಾಟನ್‌ಗೆ ಇಡುವ ಕಾವಿಗೆ ನಡುವಿನ ಪದರ ಕರಗಿ ಅಂಟಿಕೊಳ್ಳುತ್ತದೆ.

ಇನ್ನು ಸಿಲ್ಕ್. 1912ರಿಂದ ಮೈಸೂರಿನಲ್ಲಿ ನೇಯುತ್ತಿರುವ ಈ ಕ್ರೇಪ್ ಬಟ್ಟೆಯ ನೂಲು ಬಿಗಿಯಾಗಿ ಹುರಿ ಹಾಕಿದ್ದು. ಕಾಟನ್ನಿನಂತೆ ರೇಷ್ಮೆ ನೀರನ್ನು ತಕ್ಷಣ ಹೀರುವುದಿಲ್ಲವಾದ್ದರಿಂದ ಹೊರಪದರಕ್ಕೆ ಆದೀತು. ಒಂದೇ ಪದರವಾಗಿ ಆಗದು. ಜರಿ ಅಂಚಂತೂ ಬೇಡ: ಸೆಟೆದು ನಿಂತು ಸಂದು ಬಿಡುತ್ತದೆ. ದಿನಾ ಬಿಸಿನೀರು, ಸೋಪು ತಿಂದರೆ ರೇಷ್ಮೆ ಉಳಿಯುವುದೂ ಇಲ್ಲ. ಒಂದು ಮದುವೆ ಮನೆಗೆ ಚೆಂದ, ಅಷ್ಟೆ.

ಪ್ರಶ್ನೆ: ಎನ್‌-95 ಮಾಸ್ಕನ್ನು ಸೋಪಿನ ಪುಡಿಯಲ್ಲಿ ಒಗೆದು ಹಾಕಿಕೊಳ್ಳುತ್ತಿದ್ದೇನೆ, ನೋಡಲು ಹೊಸದರಂತೆಯೇ ಇದೆ. ವೈರಸ್ ಅದರ ತೂತಿಗಿಂತ ಸಣ್ಣದು, ಹಾಕಿಯೂ ಪ್ರಯೋಜನವಿಲ್ಲ ಎನ್ನುತ್ತಾರಲ್ಲ?
– ಬಸ್ ಕಂಡಕ್ಟರ್, ಮದ್ದೂರು

ಉತ್ತರ: ಎರಡನೆಯದು ಮೊದಲು. ಮಾಸ್ಕ್ ಜರಡಿಯಲ್ಲ. ದೊಡ್ಡ ಕಣ ಎಳೆಗೆ ನೇರ ಬಡಿಯುತ್ತದೆ. ತೀರಾ ಸಣ್ಣದು ಗಾಳಿಯಲ್ಲಿ ಅತ್ತಿತ್ತ ಓಲಾಡುತ್ತಾ ಯಾವುದೋ ಎಳೆಗೆ ತಗಲಿ ಅಂಟಿಕೊಳ್ಳುತ್ತದೆ. ತಪ್ಪಿಸಿಕೊಳ್ಳುವುದು ನಡುವಿನ ಗಾತ್ರದ್ದು, ಸುಮಾರು 0.3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಎನ್‌-95 ಆ ಗಾತ್ರದಲ್ಲೇ ಕನಿಷ್ಠ 95% ತಡೆಯಬೇಕು.

ತಡೆಯುವ ಶಕ್ತಿ ಬಹುಪಾಲು ಬರುವುದು ನಡುವೆ ಇರುವ, ಕರಗಿಸಿದ ಪ್ಲಾಸ್ಟಿಕ್ಕನ್ನು ಊದಿ ಮಾಡಿದ ನವಿರು ಎಳೆಗಳ ಮೆಲ್ಟ್‌ಬ್ಲೋನ್ ಪದರಕ್ಕೆ ತುಂಬಿದ ಸ್ಥಿರ ವಿದ್ಯುತ್ತಿನಿಂದ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವ ಹಾಗೆ ಅದು ಕಣಗಳನ್ನು ಸೆಳೆಯುತ್ತದೆ. ಸೋಪು, ಸ್ಯಾನಿಟೈಸರ್ ಎರಡೂ ಈ ವಿದ್ಯುತ್ತನ್ನು ಇಳಿಸಿಬಿಡುತ್ತವೆ. ಹಾಗಾಗಿ ನಿಮ್ಮದು ಹೊಸದರಂತೆ ಕಾಣುವ ಖಾಲಿ ಮಾಸ್ಕ್. ಒಗೆಯುವ ಬದಲು ಐದು ಮಾಸ್ಕ್ ಇಟ್ಟುಕೊಂಡು ದಿನಕ್ಕೊಂದು ಹಾಕಿ, ಬಿಚ್ಚಿದ್ದನ್ನು ಕಾಗದದ ಕವರಿನಲ್ಲಿಟ್ಟು ಆರನೆಯ ದಿನ ತೆಗೆಯಿರಿ. ಪ್ಲಾಸ್ಟಿಕ್ ಕವರ್ ಬೇಡ, ಬೆವರು ಆರುವುದಿಲ್ಲ. ಪಟ್ಟಿ ಸಡಿಲಾದ, ಒದ್ದೆಯಾದ, ಮಡಿಕೆ ಬಿದ್ದ ಮಾಸ್ಕಿನ ಕಥೆ ಮುಗಿಯಿತು.

ಕೊಳ್ಳುವಾಗ ಭಾರತೀಯ ಮಾನಕದ ಸಂಖ್ಯೆ ಐಎಸ್ 9473, ಅದರಲ್ಲಿ ಎನ್‌-95ಗೆ ಹತ್ತಿರದ ದರ್ಜೆಯಾದ ಎಫ್‌ಎಫ್‌ಪಿ2 ಎಂಬ ಗುರುತು ನೋಡಿ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಹೋಗುವುದು ಬಿಗಿಯಾಗಿ ಕೂರುತ್ತದೆ. ಹಾಕಿಕೊಂಡು ಎರಡೂ ಅಂಗೈ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ ತಂತಿ ಸರಿಮಾಡಿ. ಗಡ್ಡದ ಮೇಲೆ ಯಾವ ಎನ್‌-95 ಕೂಡ ಕೂರದು. ಮುಂದೆ ಗುಂಡಿಯಂಥ ಕವಾಟ ಇರುವುದನ್ನು ಕೊಳ್ಳಬೇಡಿ. ನೀವು ಬಿಟ್ಟ ಉಸಿರು ಸೋಸದೆ ನೇರ ಪ್ರಯಾಣಿಕರ ಮುಖಕ್ಕೆ ಹೋಗುತ್ತದೆ. ಕೇಂದ್ರ ಆರೋಗ್ಯ ಇಲಾಖೆ 2020ರ ಜುಲೈನಲ್ಲೇ ಇದು ಬೇಡವೆಂದು ರಾಜ್ಯಗಳಿಗೆ ಬರೆದಿತ್ತು. ಇನ್ನೊಂದು ಮಾತು: ಟಿಕೆಟ್ ಕೇಳುವಾಗ ಮಾಸ್ಕನ್ನು ಗದ್ದಕ್ಕೆ ಇಳಿಸಬೇಡಿ. ಸುಮ್ಮನಿದ್ದಾಗಿನದಕ್ಕಿಂತ ಗಟ್ಟಿಯಾಗಿ ಮಾತಾಡುವಾಗಲೇ ಬಾಯಿಂದ ಹೆಚ್ಚು ಹನಿ ಹಾರುತ್ತವೆ.

ಪ್ರಶ್ನೆ: ಆಲೆಮನೆಯಲ್ಲಿ ಅರ್ಧ ಗಂಟೆಗೆ ಮಾಸ್ಕ್ ತೊಯ್ದು ಉಸಿರು ಕಟ್ಟುತ್ತದೆ. ಏನು ಮಾಡೋದು?
– ಪಾಂಡವಪುರ

ಉತ್ತರ: ಕೊಪ್ಪರಿಗೆಯ ಹಬೆ, ಬೆವರು ಸೇರಿ ಎಳೆಗಳ ನಡುವೆ ನೀರು ನಿಲ್ಲುತ್ತದೆ. ಆಗ ಗಾಳಿ ಬಟ್ಟೆಯಲ್ಲಿ ಹೋಗಲಾರದೆ ಪಕ್ಕದಿಂದ ನುಗ್ಗುತ್ತದೆ. ಒದ್ದೆ ಮಾಸ್ಕ್ ಬದಲಿಸಲೇಬೇಕು, ಒಬ್ಬರಿಗೆ ದಿನಕ್ಕೆ ನಾಲ್ಕೈದು ಕಾಟನ್ ಮಾಸ್ಕ್ ಬೇಕಾಗುತ್ತದೆ. ಒಲೆಗೆ ಕಬ್ಬಿನ ಸಿಪ್ಪೆ ಒಡ್ಡುವವರು ಸರ್ಜಿಕಲ್ ಮಾಸ್ಕ್ ಹಾಕಕೂಡದು, ಅದು ಪ್ಲಾಸ್ಟಿಕ್ಕು, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ನಾಲ್ಕೂ ಕಡೆ ಗಾಳಿಯಾಡುವ ಆಲೆಮನೆಯಲ್ಲಿ ದೂರ ನಿಂತು ಕೆಲಸ ಮಾಡುವುದಾದರೆ ಮಾಸ್ಕ್ ತೆಗೆದರೂ ಅಪಾಯ ಕಡಿಮೆ. ಬೆಲ್ಲದ ಅಚ್ಚು ತುಂಬುವಾಗ, ಕೂತು ಊಟ ಮಾಡುವಾಗ ಎದುರುಬದುರು ಸೇರುವುದೇ ಕಷ್ಟ.

ಪ್ರಶ್ನೆ: ಅಜ್ಜಿ ಹೇಳುತ್ತಿದ್ದ ಪ್ಲೇಗಿನ ಕಾಲದಲ್ಲಿ ಮೈಸೂರಿನವರು ಮಾಸ್ಕ್ ಹಾಕಿದ್ದರೇ?
– ವಿದ್ಯಾರ್ಥಿ, ಶ್ರೀರಂಗಪಟ್ಟಣ

ಉತ್ತರ: 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದು ಇಲಿಯ ಚಿಗಟದಿಂದ ಹರಡುವ ಗೆಡ್ಡೆ ಪ್ಲೇಗು. ಅದಕ್ಕೆ ಮುಖ ಮುಚ್ಚಿ ಫಲವಿಲ್ಲ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಜನರೇ ಸರಿಯಾದದ್ದನ್ನು ಮಾಡಿದರು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಲು 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿ ಮಂಡಳಿಯೂ ಬಂತು. ಉಸಿರಿನಿಂದ ಹರಡುವ ಪ್ಲೇಗು ಬಂದದ್ದು ಚೀನಾದ ಈಶಾನ್ಯದ ಮಂಚೂರಿಯಾಕ್ಕೆ, 1910–11ರಲ್ಲಿ. ಅಲ್ಲಿ ವೈದ್ಯ ವು ಲಿಯೆನ್‌-ಟೆ ಹತ್ತಿಯ ಮೇಲೆ ಗಾಯಕ್ಕೆ ಕಟ್ಟುವ ಜಾಳು ಬಟ್ಟೆ (ಗಾಜ್) ಸುತ್ತಿದ ಮಾಸ್ಕ್ ಕಟ್ಟಿಸಿದರು.

ಪ್ರಶ್ನೆ: ಮೂರು ವರ್ಷದ ಮೊಮ್ಮಗನಿಗೆ ಮಾಸ್ಕ್ ಹಾಕಬಹುದಾ?
– ಕೆ.ಆರ್. ನಗರ

ಉತ್ತರ: ಬೇಡಮ್ಮ. ಐದು ವರ್ಷದವರೆಗೆ ಮಾಸ್ಕ್ ಬೇಕಿಲ್ಲ; ಎರಡು ವರ್ಷದೊಳಗಿನ ಮಗುವಿಗಂತೂ ಉಸಿರು ಕಟ್ಟುವ ಭಯ. ಆರರಿಂದ ಹನ್ನೊಂದರವರು ದೊಡ್ಡವರ ಕಣ್ಣೆದುರಿಗೆ ಹಾಕಬಹುದು. ಮಗುವನ್ನು ಎತ್ತಿಕೊಳ್ಳುವ ನೀವು ಹಾಕಿಕೊಳ್ಳಿ.

ಪ್ರಶ್ನೆ: ಹಾಕಿದ ಮಾಸ್ಕನ್ನು ಎಲ್ಲಿ ಎಸೆಯಬೇಕು? ಕಪಿಲೆಯ ಸ್ನಾನಘಟ್ಟದಲ್ಲೂ ತೇಲುತ್ತಿರುತ್ತವೆ.
– ನಂಜನಗೂಡು

ಉತ್ತರ: ಕಾಗದದ ಕವರಿನಲ್ಲಿ 72 ಗಂಟೆ ಕಟ್ಟಿಡಿ. ಆಮೇಲೆ ಯಾರೂ ಆಯ್ದು ಮತ್ತೆ ಮಾರದಂತೆ ಕತ್ತರಿಸಿ, ಎಲಾಸ್ಟಿಕ್ಕನ್ನೂ ತುಂಡು ಮಾಡಿ, ಒಣಕಸದ ಜೊತೆ ಕೊಡಿ. ಮನೆಯಲ್ಲಿ ಸೋಂಕಿತರಿದ್ದರೆ ಅವರ ಮಾಸ್ಕನ್ನು ಬೇರೆ ಚೀಲದಲ್ಲಿ ಕಟ್ಟಿ, ಕಸದ ಗಾಡಿಯವರಿಗೆ ಬಾಯಿಬಿಟ್ಟು ಹೇಳಿ ಕೊಡಿ.