ಬಡವರು ಖುಷಿಯಾಗಿದ್ದರೆ ಈ ತತ್ತ್ವಜ್ಞಾನಿಗಳಿಗೇನು ಕಷ್ಟ?

'ಅಡೋರ್ನೊ, ಮಾರ್ಕುಸ ಇವರನ್ನೆಲ್ಲ ಓದಿದರೆ ಜನ ನಗುನಗುತ್ತಾ ಇರೋದೇ ಇವರಿಗೆ ಸಹಿಸೋದಿಲ್ಲ ಅನ್ನಿಸುತ್ತೆ. ಆಸೆ ಬೇಡ ಅಂದ ನಮ್ಮ ಆಯ್ದಕ್ಕಿ ಲಕ್ಕಮ್ಮನೇ ವಾಸಿಯಲ್ಲವೇ?' ಅಂತ ಕೇಳಿದ್ದೀರಿ. (ಅಡೋರ್ನೊ, ಮಾರ್ಕುಸ ಇಬ್ಬರೂ ಜರ್ಮನಿಯ ಫ್ರಾಂಕ್‌ಫರ್ಟ್ ಪಂಥದ ತತ್ತ್ವಜ್ಞಾನಿಗಳು.) ಎಂ.ಎ. ಓದುವಾಗ ನಾನೂ ಹೆಚ್ಚುಕಡಿಮೆ ಇದನ್ನೇ ಕೇಳಿ ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದೆ. ನಾನು ಬಳ್ಳಾರಿಯವನು. ನಮ್ಮವ್ವನಿಂದಲೇ ಶುರು ಮಾಡ್ತೀನಿ.

ಅವ್ವ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯೋಕೆ ಹೋಗುತ್ತಿದ್ದಳು. ಪೀಸ್ ಲೆಕ್ಕ. ಪ್ಯಾಂಟಿಗೆ ಬೆಲ್ಟಿನ ಲೂಪು ಕೂರಿಸಿದಷ್ಟು ಕಾಸು. ಸಂಜೆ ಬಂದು ಕೈ ತೊಳೆದರೆ ಬಚ್ಚಲ ನೀರೆಲ್ಲ ನೀಲಿ. ರೊಟ್ಟಿ ಬಡಿಯುವಾಗಲೂ ಉಗುರಿನ ಸಂದಿಯಲ್ಲಿ ಆ ಬಣ್ಣ ಉಳಿದಿರುತ್ತಿತ್ತು. ಒಮ್ಮೆ, ಓದಿದ್ದು ತಲೆಗೇರಿದ ದಿನಗಳಲ್ಲಿ, 'ಅವ್ವಾ, ನೀ ಖುಷಿ ಅದೀಯೇನು?' ಅಂದೆ. 'ನಂಗೇನ್ ಕಮ್ಮಿ ಆಗೈತಪ್ಪಾ, ಆ ತವಾ ಕೊಡು' ಅಂದಳು.

ಈ ಉತ್ತರವನ್ನು ಏನು ಮಾಡೋದು ಅನ್ನೋದೇ ಫ್ರಾಂಕ್‌ಫರ್ಟ್‌ನವರ ತಲೆನೋವು. ಅವರ ಸಂಶೋಧನಾ ಸಂಸ್ಥೆ ಶುರುವಾದದ್ದು 1923ರಲ್ಲಿ. ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟು ನ್ಯೂಯಾರ್ಕ್ ಸೇರಿದರು. ಊರು ಬಿಟ್ಟು ಓಡಿ ಬಂದ ಮಾರ್ಕುಸ 1938ರಲ್ಲಿ ಕೂತು ಬರೆದದ್ದು ಸುಖವಾದದ ಬಗ್ಗೆ, ಅಂದರೆ ಬದುಕಿನಲ್ಲಿ ಸುಖವೇ ದೊಡ್ಡದು ಅನ್ನುವ ವಾದದ ಬಗ್ಗೆ! ಸುಖದ ವಿರೋಧಿ ಮಾಡುವ ಕೆಲಸವಲ್ಲ ಅದು. ಸುಖವನ್ನು ಕೀಳು ಅಂದ ದೊಡ್ಡ ದೊಡ್ಡ ತತ್ತ್ವಶಾಸ್ತ್ರಗಳಿಗಿಂತ ಹಳೆಯ ಗ್ರೀಸಿನ ಎಪಿಕ್ಯುರಸ್‌ನಂಥ ಸುಖವಾದಿಗಳೇ ಒಂದು ವಿಷಯದಲ್ಲಿ ಸರಿ, ಮನುಷ್ಯನಿಗೆ ಸುಖ ಬೇಕು ಅಂತ ಅವರು ಹಟ ಹಿಡಿದರು ಅನ್ನುತ್ತಾನೆ. ಎಡವಿದ್ದು ಎಲ್ಲಿ? ಇವತ್ತು ಜನಕ್ಕೆ ಏನು ಬೇಕು ಅನ್ನಿಸುತ್ತೋ ಅದನ್ನು ಹಾಗೇ ಒಪ್ಪಿಕೊಂಡಲ್ಲಿ. ಆ 'ಬೇಕು' ಅನ್ನೋದನ್ನೂ ಸಮಾಜವೇ ಹೊಲಿದು ಕೊಟ್ಟಿರುತ್ತದಲ್ಲ.

ಹಾಗಾದರೆ ನಮ್ಮವ್ವನ ಮಾತು ಸುಳ್ಳಾ? ಅದನ್ನು ಹೇಳೋಕೆ ಇವರ್ಯಾರು? ಮಾರ್ಕುಸನಿಗೂ ಈ ಮುಜುಗರ ಇತ್ತು. 1964ರ ಪುಸ್ತಕದಲ್ಲಿ ಅವನೇ ಒಪ್ಪುತ್ತಾನೆ: ಯಾವುದು ನಿಜವಾದ ಅಗತ್ಯ, ಯಾವುದು ಹುಸಿ ಅಂತ ಕೊನೆಗೆ ಹೇಳಬೇಕಾದವರು ಆಯಾ ಜನರೇ, ಆದರೆ ಸ್ವಂತ ಉತ್ತರ ಕೊಡುವ ಸ್ವಾತಂತ್ರ್ಯ ಅವರಿಗೆ ಇದ್ದಾಗ. ಆ ಸ್ವಾತಂತ್ರ್ಯ ಇದೆಯೋ ಇಲ್ಲವೋ ಅಂತ ಹೇಳೋರು ಮತ್ತೆ ಯಾರು? ಇದು ಸುತ್ತಿ ಬಳಸಿ ಅಲ್ಲಿಗೇ ಬಂತಲ್ಲ ಅಂತ ನನಗೆ ಇವತ್ತಿಗೂ ಅನುಮಾನ. ಅಡೋರ್ನೊಗಂತೂ ಜಾಝ್ ಕೇಳಿ ಕಾಲು ಕುಣಿಸುವವರನ್ನು ಕಂಡರೂ ಆಗುತ್ತಿರಲಿಲ್ಲ. ಅಲ್ಲಿ ನಿಮ್ಮ ಸಿಟ್ಟಿಗೆ ನನ್ನದೂ ಒಂದು ಓಟು.

ಲಕ್ಕಮ್ಮನ ವಿಷಯ. ಲಿಂಗಸುಗೂರಿನ ಕಡೆಯ ಅಮರೇಶ್ವರದವರು ಆ ದಂಪತಿ. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೋಗಿ ಅಲ್ಲೇ ಸುರಿದು ಬಾ ಅಂದಳು. ಅಲ್ಲಿ ದುಡಿಮೆಯೂ ಅವರದೇ, ಸಾಕು ಅನ್ನುವ ಅಳತೆಯೂ ಅವರದೇ. ಅವ್ವ ಹೊಲಿಯುತ್ತಿದ್ದ ಕಡೆಯ ಮಾಲೀಕರೂ ಆಯುಧಪೂಜೆಯ ದಿನ ಮಂಡಕ್ಕಿ ಹಂಚಿ 'ಇದ್ದುದರಾಗ ಖುಷಿಯಿಂದ ಇರ್ರಿ' ಅನ್ನೋರು. ಲೂಪಿನ ರೇಟು ಏರಿಸಿ ಅಂತ ಹೆಣ್ಣುಮಕ್ಕಳು ಕೇಳಿದ್ದರು, ಅದಕ್ಕೆ ಕೊಟ್ಟ ಉತ್ತರ ಅದು. ಎರಡೂ ಕಡೆ ಮಾತು ಒಂದೇ ಥರ ಕೇಳಿಸುತ್ತೆ, ನೋಡಿ. ಸಾಕು ಅನ್ನುವ ಅಳತೆ ಯಾರದು ಅನ್ನೋದು ಬೇರೆ.

ಆದರೂ ಅಡೋರ್ನೊನ ಒಂದು ಮಾತು ನನ್ನನ್ನು ಬಿಟ್ಟಿಲ್ಲ. 1951ರ ಪುಸ್ತಕದ್ದು: ನಾನು ಸುಖಿ ಅನ್ನುವವನು ಸುಳ್ಳಾಡುತ್ತಾನೆ, ಸುಖವಾಗಿದ್ದೆ ಅನ್ನುವವನು ಮಾತ್ರ ಸುಖಕ್ಕೆ ನಿಷ್ಠ, ಅನ್ನುವ ಅರ್ಥದ್ದು. ಮಾತಿನ ಚಮತ್ಕಾರ ಅಂದುಕೊಂಡಿದ್ದೆ. ಈಗ ಅವ್ವ ಹೊಲಿಗೆ ಬಿಟ್ಟಿದ್ದಾಳೆ, ಕಣ್ಣು ಮಂಜು. ಮೊನ್ನೆ ತಾನಾಗಿಯೇ ಶುರು ಮಾಡಿದಳು. ಬ್ಯಾಸಿಗ್ಯಾಗ ಕರೆಂಟ್ ಹೋಗಿಬಿಡೋದು, ಮಷಿನ್ ಎಲ್ಲ ಒಮ್ಮೆಲೇ ಗಪ್. ಕತ್ತಲಾಗ ಹತ್ತು ಹದಿನೈದು ಮಂದಿ ಹೆಣ್ಣುಮಕ್ಕಳು ಪ್ಯಾಂಟಿನ ರಾಶಿಗೆ ಒರಗಿ ಕೂತು, ಯಾರೋ ಅತ್ತಿ ಮಾತಾಡಿದಂಗ ಮಾತಾಡಿ, ಹೊಟ್ಟಿ ಹಿಡಕೊಂಡು ನಗೋದು. 'ಎಷ್ಟ್ ಚಂದ ಇತ್ತಪ್ಪಾ ಅದು.' ಆ ಅರ್ಧ ಗಂಟೆಯ ಪೀಸು ಲೆಕ್ಕದಿಂದ ಹೋಗುತ್ತಿತ್ತು ಅನ್ನೋದನ್ನೂ ಅವಳೇ ಹೇಳಿದಳು.

ಅಲ್ಲಿ ಈಗ ಜನರೇಟರ್ ತಂದು ಕೂರಿಸಿದ್ದಾರಂತೆ. ಕರೆಂಟ್ ಹೋದರೂ ಮಷಿನ್ ನಿಲ್ಲೋದಿಲ್ಲ.